ಟೂ ಹಾರ್ಬರ್ಸ್: ಅದಿರಿನ ಜಾಡು ಹಿಡಿದು ಒಂದು ಊರು ನೋಡುವುದು ಹೇಗೆ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿರುವ ಕನ್ನಡಿಗರ ಮನೆಗೆ ಊರಿನಿಂದ ಅಪ್ಪ ಅಮ್ಮ ಬಂದರೆ ಒಂದು ಪ್ರವಾಸ ಗ್ಯಾರಂಟಿ. ಡುಲೂತ್‌ಗೆ ಹೋಗಿ ಮೇಲೇಳುವ ಸೇತುವೆ ನೋಡುವುದು, ಅಲ್ಲಿಂದ ಸುಪೀರಿಯರ್ ಸರೋವರದ ದಂಡೆ ಹಿಡಿದು ಗೂಸ್‌ಬೆರಿ ಜಲಪಾತ, ಸ್ಪ್ಲಿಟ್ ರಾಕ್ ಲೈಟ್‌ಹೌಸ್, ಸಂಜೆಗೆ ವಾಪಸ್. ನಡುವೆ ಟೂ ಹಾರ್ಬರ್ಸ್ ಅಂತ ಒಂದು ಊರು ಬರುತ್ತದೆ. ಪೆಟ್ರೋಲ್ ಹಾಕಿಸಿಕೊಂಡು ಮುಂದೆ ಹೋಗಿಬಿಡುತ್ತಾರೆ. ಅವರ ತಪ್ಪೇನಿಲ್ಲ. ಹೆದ್ದಾರಿಯಿಂದ ಕಾಣುವುದು ಪೆಟ್ರೋಲ್ ಬಂಕು, ಹೋಟೆಲು, ಸಿಗ್ನಲ್ ಲೈಟು ಅಷ್ಟೇ. ಊರಿನ ಜೀವ ಇರುವುದು ಹೆದ್ದಾರಿಯಿಂದ ಬಲಕ್ಕೆ ಕೆಲವು ಬೀದಿ ಕೆಳಗೆ, ನೀರಿನ ಹತ್ತಿರ.

ನಾನು ಬೆಳೆದದ್ದು ಕುದುರೆಮುಖದ ಕಂಪನಿ ಕಾಲೊನಿಯಲ್ಲಿ. ಅಪ್ಪ ಅಲ್ಲೇ ಪ್ಲಾಂಟಿನಲ್ಲಿ ಕೆಲಸಕ್ಕಿದ್ದರು. ಬೆಟ್ಟದ ಕಬ್ಬಿಣದ ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಪೈಪಿನಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರು. ಪಣಂಬೂರಿನಲ್ಲಿ ಅದನ್ನು ಉಂಡೆ ಕಟ್ಟಿ ಸುಟ್ಟು ಪೆಲೆಟ್ ಮಾಡಿ ಹಡಗಿಗೆ ತುಂಬುತ್ತಿದ್ದರು. 2005ರ ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಂತೆ ಕುದುರೆಮುಖದ ಗಣಿಗಾರಿಕೆ ನಿಂತಿತು. ಕಾಡು ಉಳಿಯಬೇಕಿತ್ತು, ಉಳಿಯಿತು. ಕಾಲೊನಿ ಖಾಲಿಯಾಯಿತು. ಹಾಗಾಗಿ ಅದಿರಿನ ಮೇಲೆ ನಿಂತ ಊರು ಅಂದರೆ ನನ್ನ ಕಣ್ಣು ಬೇರೆ ಥರ ನೋಡುತ್ತದೆ. ಟೂ ಹಾರ್ಬರ್ಸ್ ಅಂಥ ಊರು. ಇನ್ನೂ ಕೆಲಸ ಮಾಡುತ್ತಿರುವ ಊರು. ಅದನ್ನು ಹೇಗೆ ನೋಡಿದರೆ ಅರ್ಥವಾಗುತ್ತದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪ್ರವಾಸಿ ಕೈಪಿಡಿಗಳು ನಿಮ್ಮನ್ನು ಮೊದಲು ಲೈಟ್‌ಹೌಸಿಗೆ ಕಳಿಸುತ್ತವೆ. ಹಾಗೆ ಮಾಡಬೇಡಿ. ಅದಿರು ಬಂದ ದಾರಿಯಲ್ಲೇ ನೀವೂ ಬನ್ನಿ: ಮೊದಲು ರೈಲು, ಆಮೇಲೆ ಹಡಗಿಗೆ ಅದಿರು ತುಂಬುವ ಕಟ್ಟೆ, ಅಂದರೆ ಡಾಕ್, ಆಮೇಲೆ ಹಡಗು, ಕೊನೆಗೆ ಲೈಟ್‌ಹೌಸ್. ಈ ಕ್ರಮದಲ್ಲಿ ನೋಡಿದರೆ ಒಂದೊಂದು ವಸ್ತುವೂ ಯಾಕೆ ಅಲ್ಲಿದೆ ಅಂತ ತಾನಾಗಿಯೇ ತಿಳಿಯುತ್ತದೆ. ಲೈಟ್‌ಹೌಸಿನಿಂದ ಶುರು ಮಾಡಿದರೆ ಅದು ಸುಮ್ನೆ ಒಂದು ಚೆಂದದ ಕೆಂಪು ಕಟ್ಟಡ.

ಹೊರಡುವ ಮುಂಚೆ

ಎಲ್ಲಕ್ಕಿಂತ ಮೊದಲು ಹಡಗು ಯಾವಾಗ ಬರುತ್ತದೆ ಅಂತ ನೋಡಿಕೊಳ್ಳಿ. ಹಡಗಿಲ್ಲದ ದಿನ ಹೋದರೆ ಅರ್ಧ ಊರು ನೋಡಿದ ಹಾಗೆ. ಮರೀನ್‌ಟ್ರಾಫಿಕ್‌ನಂಥ ಆ್ಯಪ್ ತೆರೆದು ಸುಪೀರಿಯರ್ ಸರೋವರದ ಪಶ್ಚಿಮ ಮೂಲೆಗೆ ಹೋಗಿ. ಯಾವ ಹಡಗಿನ ಗುರಿಯಲ್ಲಿ ಟೂ ಹಾರ್ಬರ್ಸ್ ಅಂತ ಇದೆ, ಎಷ್ಟು ಹೊತ್ತಿಗೆ ತಲುಪುತ್ತದೆ ಅಂತ ಕಾಣುತ್ತದೆ. ಸರೋವರದ ಪೂರ್ವ ತುದಿಯಿಂದ ಇಲ್ಲಿಗೆ ಬರಲು ಹಡಗಿಗೆ ಸುಮಾರು ಒಂದು ದಿನ ಬೇಕು. ಹಾಗಾಗಿ ಹಿಂದಿನ ದಿನವೇ ಗೊತ್ತಾಗಿಬಿಡುತ್ತದೆ. ಗಾಳಿ ಜಾಸ್ತಿಯಾದರೆ ತಡವಾಗುತ್ತದೆ, ಹೊರಡುವ ಬೆಳಿಗ್ಗೆ ಇನ್ನೊಮ್ಮೆ ನೋಡಿ.

ಚಳಿಗಾಲದಲ್ಲಿ ಹಡಗು ಇರುವುದಿಲ್ಲ. ಈ ಸರೋವರದಿಂದ ಕೆಳಗಿನ ಸರೋವರಗಳಿಗೆ ಇಳಿಯಬೇಕಾದರೆ ಸೂ ಲಾಕ್ಸ್ ಅನ್ನುವ ನೀರಿನ ಬಾಗಿಲುಗಳನ್ನು ದಾಟಲೇಬೇಕು. ಅವು ಜನವರಿ 15ರಿಂದ ಮಾರ್ಚ್ 25ರವರೆಗೆ ಮುಚ್ಚಿರುತ್ತವೆ. ನನ್ನ ಪ್ರಕಾರ ಸೆಪ್ಟೆಂಬರ್ ಕೊನೆ ಒಳ್ಳೆಯ ಕಾಲ. ಎಲೆಗಳು ಬಣ್ಣ ತಿರುಗಿರುತ್ತವೆ, ಸೊಳ್ಳೆ ಇರುವುದಿಲ್ಲ, ಗಾಳಿ ತಡೆಯುವ ಹಾಗಿರುತ್ತದೆ. ನೀರು ಮಾತ್ರ ಜುಲೈನಲ್ಲೂ ಕೈ ಇಟ್ಟರೆ ಜೋಮು ಹಿಡಿಯುವಷ್ಟು ತಣ್ಣಗಿರುತ್ತದೆ. ಮಿನ್ನಿಯಾಪೊಲಿಸ್‌ನಲ್ಲಿ ಸೆಖೆ ಅಂತ ಬರೀ ಟೀಶರ್ಟಿನಲ್ಲಿ ಹೊರಡಬೇಡಿ. ನೀರಿನ ಮೇಲಿಂದ ಬೀಸುವ ಗಾಳಿಗೆ ಮಕ್ಕಳು, ವಯಸ್ಸಾದವರು ನಡುಗಿಹೋಗುತ್ತಾರೆ. ಒಬ್ಬೊಬ್ಬರಿಗೂ ಒಂದು ಜಾಕೆಟ್, ಟೋಪಿ ಕಾರಿನಲ್ಲಿ ಇರಲಿ.

ಮಿನ್ನಿಯಾಪೊಲಿಸ್‌ನಿಂದ ಡುಲೂತ್ ಸುಮಾರು 250 ಕಿಲೋಮೀಟರ್, ಎರಡೂವರೆ ಗಂಟೆ. ಅಲ್ಲಿಂದ ಟೂ ಹಾರ್ಬರ್ಸ್ 43 ಕಿಲೋಮೀಟರ್. ಡುಲೂತ್ ದಾಟಿದ ಮೇಲೆ ರಸ್ತೆ ಎರಡಾಗಿ ಒಡೆಯುತ್ತದೆ. ಫೋನು ನಿಮ್ಮನ್ನು ಎಕ್ಸ್‌ಪ್ರೆಸ್ ದಾರಿಗೆ ಎಳೆಯುತ್ತದೆ. ಅದನ್ನು ಬಿಟ್ಟು ದಂಡೆಗುಂಟ ಹೋಗುವ ಹಳೆಯ 61ನೇ ರಸ್ತೆ ಹಿಡಿಯಿರಿ. ಹತ್ತು ನಿಮಿಷ ಜಾಸ್ತಿ ಹಿಡಿಯಬಹುದು. ಆದರೆ ಬಲಗಡೆ ನೀರು ಬಿಟ್ಟು ಬೇರೇನೂ ಇರುವುದಿಲ್ಲ, ಆಚೆ ದಡ ಕಾಣುವುದೇ ಕಷ್ಟ. ಮಂಗಳೂರು ಕಡೆಯವರಿಗೆ ಇದು ಸಮುದ್ರವೇ ಅನ್ನಿಸುತ್ತದೆ. ಒಂದೇ ವ್ಯತ್ಯಾಸ, ಗಾಳಿಯಲ್ಲಿ ಉಪ್ಪಿನ ವಾಸನೆ ಇಲ್ಲ. 82,000 ಚದರ ಕಿಲೋಮೀಟರಿಗಿಂತ ಹೆಚ್ಚು ಹರಡಿರುವ ಸಿಹಿನೀರು, ಅತಿ ಆಳದಲ್ಲಿ 406 ಮೀಟರ್.

ಮೊದಲು ಹಳೆಯ ರೈಲ್ವೆ ಸ್ಟೇಷನ್

ಊರೊಳಗೆ ಬಂದ ಮೇಲೆ ವಾಟರ್‌ಫ್ರಂಟ್ ಡ್ರೈವ್ ಅನ್ನುವ ರಸ್ತೆಗೆ ಬಲಕ್ಕೆ ತಿರುಗಿ ಇಳಿಯಿರಿ. ಕೆಳಗೆ 1907ರಲ್ಲಿ ಕಟ್ಟಿದ ಇಟ್ಟಿಗೆಯ ಸ್ಟೇಷನ್ ಸಿಗುತ್ತದೆ. ಈಗ ಅದು ಮ್ಯೂಸಿಯಂ. ಕಾರು ಇಲ್ಲಿ ಅಥವಾ ಹತ್ತಿರದಲ್ಲಿ ನಿಲ್ಲಿಸಿ. ಇಲ್ಲಿಂದ ಮುಂದಿನದೆಲ್ಲ ನಡೆದೇ ನೋಡಬಹುದು. ಊರಿನ ಜನಸಂಖ್ಯೆ ಸುಮಾರು 3,500, ಎಲ್ಲವೂ ಹತ್ತಿರ ಹತ್ತಿರ.

ಒಳಗೆ ಹೋಗುವ ಮುಂಚೆ ಸ್ವಲ್ಪ ಹಿನ್ನೆಲೆ ತಲೆಯಲ್ಲಿರಲಿ. ಇದು ಓಜಿಬ್ವೆ ಎಂಬ ಮೂಲನಿವಾಸಿ ಜನರ ನೆಲ. 1854ರ ಲಾ ಪಾಯಿಂಟ್ ಒಪ್ಪಂದದಲ್ಲಿ ಈ ಉತ್ತರ ದಂಡೆಯನ್ನು ಅವರು ಅಮೆರಿಕ ಸರ್ಕಾರಕ್ಕೆ ಬಿಟ್ಟುಕೊಡಬೇಕಾಯಿತು. ಬೇಟೆ, ಮೀನುಗಾರಿಕೆಯ ಹಕ್ಕನ್ನು ಮಾತ್ರ ಉಳಿಸಿಕೊಂಡರು. ಆ ಹಕ್ಕು ಇಂದಿಗೂ ಇದೆ. ಒಪ್ಪಂದದ ಹಿಂದೆ ಇದ್ದದ್ದು ಮುಖ್ಯವಾಗಿ ಗಣಿಯ ಆಸೆ. ಮುಂದೆ ಕಾಡಿನೊಳಗೆ ಸೂಡನ್ ಅನ್ನುವ ಜಾಗದಲ್ಲಿ ಕಬ್ಬಿಣದ ಅದಿರು ತೆಗೆಯಲು ಫಿಲಡೆಲ್ಫಿಯಾದ ಶಾರ್ಲಮೇನ್ ಟವರ್ ಎಂಬ ಶ್ರೀಮಂತ ಹಣ ಹಾಕಿದ. ಅದಿರನ್ನು ನೀರಿಗೆ ತರಲು ರೈಲು ಬೇಕು, ರೈಲು ಮುಗಿಯುವಲ್ಲಿ ಬಂದರು ಬೇಕು. ದಂಡೆಯಲ್ಲಿ ಪಕ್ಕಪಕ್ಕದಲ್ಲೇ ಎರಡು ಕೊಲ್ಲಿಗಳಿದ್ದವು, ಅಗೇಟ್ ಬೇ ಮತ್ತು ಬರ್ಲಿಂಗ್‌ಟನ್ ಬೇ. ಅಗೇಟ್ ಬೇಯಲ್ಲಿ ಡಾಕ್ ಕಟ್ಟಿದರು. 1884ರ ಜುಲೈ 31ರಂದು ಸೂಡನ್‌ನಿಂದ ಮೊದಲ ಅದಿರಿನ ರೈಲು ಹೊರಟಿತು. ಮಿನ್ನೆಸೋಟದಿಂದ ಹಡಗೇರಿದ ಮೊಟ್ಟಮೊದಲ ಕಬ್ಬಿಣದ ಅದಿರು ಅದೇ, ಇದೇ ಕೊಲ್ಲಿಯಿಂದಲೇ.

ಈಗ ಸ್ಟೇಷನ್ ಪಕ್ಕ ನಿಂತಿರುವ ಎರಡು ಎಂಜಿನ್‌ಗಳ ಹತ್ತಿರ ಬನ್ನಿ. ಜನ ದೊಡ್ಡದರ ಮುಂದೆ ಫೋಟೊ ತೆಗೆಸಿಕೊಂಡು ಹೋಗಿಬಿಡುತ್ತಾರೆ. ನೀವು ಚಿಕ್ಕದರ ಹತ್ತಿರ ಮೊದಲು ನಿಲ್ಲಿ. ಅದರ ಹೆಸರು ತ್ರೀ ಸ್ಪಾಟ್. ಈ ರೈಲು ಕಂಪನಿಯ ಮೊದಲ ಎಂಜಿನ್. 1883ರಲ್ಲಿ ಇದು ಬಂದಾಗ ಡುಲೂತ್‌ನಿಂದ ಇಲ್ಲಿಗೆ ಹಳಿಯೇ ಇರಲಿಲ್ಲ. ಹಾಗಾಗಿ ಎಂಜಿನ್ನನ್ನು ಚಪ್ಪಟೆ ದೋಣಿಯ ಮೇಲೆ ಹೇರಿ ಎಲಾ ಜಿ. ಸ್ಟೋನ್ ಎಂಬ ಟಗ್ (ಹಡಗು ಎಳೆಯುವ ಪುಟ್ಟ ಹಡಗು) ಅದನ್ನು ಎಳೆದುಕೊಂಡು ಹೊರಟಿತು. ನಡುದಾರಿಯಲ್ಲಿ ಬಿರುಗಾಳಿ. ಹಗ್ಗ ಕಡಿದು ಎಂಜಿನ್ನನ್ನು ನೀರಿಗೆ ಬಿಟ್ಟುಬಿಡುವ ಹಂತಕ್ಕೆ ಬಂದಿದ್ದರಂತೆ. ಕಡಿಯಲಿಲ್ಲ, ದಡ ಸೇರಿತು. ಕಾಡಿನ ನಡುವಿನ ಗಣಿಗೆ ಹಳಿ ಹಾಕುವ ಕೆಲಸಕ್ಕೆ ಸಾಮಾನು ಎಳೆದದ್ದು ಇದೇ. ಬೋಗಿ ಎಳೆಯುವ ಮೊದಲೇ ತಾನೇ ಸರಕಾಗಿ ಅಲೆಗಳ ಮೇಲೆ ಬಂದ ಎಂಜಿನ್ ಇದು. ಮಕ್ಕಳಿಗೆ ಇದನ್ನು ಹೇಳಿ, ಅವರು ಮರೆಯುವುದಿಲ್ಲ.

ಇನ್ನೊಂದು ಬೃಹತ್ ಎಂಜಿನ್, ನಂಬರ್ 229. ಯೆಲ್ಲೋಸ್ಟೋನ್ ಮಾದರಿಯದು, 1943ರಲ್ಲಿ ಬಾಲ್ಡ್‌ವಿನ್ ಕಂಪನಿ ಮಾಡಿದ್ದು. ಎರಡನೇ ಮಹಾಯುದ್ಧಕ್ಕೆ ಬೇಕಾದ ಉಕ್ಕಿಗೆ ಅದಿರು ಎಳೆಯಲು ತರಿಸಿದ 18 ಎಂಜಿನ್‌ಗಳಲ್ಲಿ ಒಂದು. ಈಗ ಉಳಿದಿರುವುದು ಮೂರೇ. ಅದರ ಚಕ್ರದ ಪಕ್ಕ ನಿಲ್ಲಿ, ಆಮೇಲೆ ತಿರುಗಿ ತ್ರೀ ಸ್ಪಾಟ್ ನೋಡಿ. 60 ವರ್ಷದಲ್ಲಿ ಈ ಊರು ಎಷ್ಟು ಬೆಳೆಯಿತು ಅನ್ನುವುದು ಎರಡರ ನಡುವಿನ ಆ ವ್ಯತ್ಯಾಸದಲ್ಲೇ ಇದೆ.

ಸಮಯವಿದ್ದವರು ಸೂಡನ್ ಗಣಿಗೂ ಇನ್ನೊಂದು ದಿನ ಹೋಗಿ. ಒಳನಾಡಿಗೆ ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. 1962ರಲ್ಲಿ ಮುಚ್ಚಿ ಈಗ ಸರ್ಕಾರಿ ಪಾರ್ಕ್ ಆಗಿದೆ. ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ವಿಜ್ಞಾನಿಗಳು ಪ್ರೋಟಾನ್ ಕ್ಷಯ (ಪ್ರೋಟಾನ್ ಕಣ ತಾನಾಗಿಯೇ ಒಡೆಯುವುದು) ಹುಡುಕುತ್ತಿದ್ದ 1980ರ ದಶಕದಲ್ಲೇ ಸೂಡನ್‌ನ ಆಳದಲ್ಲೂ ಅದೇ ಹುಡುಕಾಟ ನಡೆದಿತ್ತು. ಕೆಜಿಎಫ್ ಕಡೆಯವರು ಈ ಗಣಿಯನ್ನು ತಪ್ಪಿಸಿಕೊಳ್ಳಲೇಬಾರದು.

ಡಾಕ್ ಮತ್ತು ಹಡಗು: ಇಲ್ಲಿ ಆತುರ ಬೇಡ

ಸ್ಟೇಷನ್‌ನಿಂದ ನೀರಿನ ಕಡೆ ನಡೆದರೆ ಉಕ್ಕಿನ ಗೋಡೆಗಳು ನೀರಿನೊಳಗೆ ಚಾಚಿಕೊಂಡ ಹಾಗೆ ಕಾಣುತ್ತದೆ. ಅವೇ ಅದಿರಿನ ಡಾಕ್‌ಗಳು. ದೊಡ್ಡವು ಸುಮಾರು 400 ಮೀಟರ್ ಉದ್ದ. ಡಾಕ್ ಮೇಲೆ ಹೋಗಲು ಬಿಡುವುದಿಲ್ಲ, ಪ್ರಯತ್ನವೂ ಬೇಡ. ದಂಡೆಯಲ್ಲಿರುವ ಪುಟ್ಟ ಪಾರ್ಕಿನಿಂದ ಚೆನ್ನಾಗಿ ಕಾಣುತ್ತದೆ. ಒಂದು ಬೆಂಚು ಹಿಡಿದು ಕೂತುಬಿಡಿ. ಇಲ್ಲಿ ಕನಿಷ್ಠ ಒಂದು ಗಂಟೆ ಇಟ್ಟುಕೊಳ್ಳಿ. ಬೈನಾಕ್ಯುಲರ್ ಇದ್ದರೆ ತನ್ನಿ.

ಡಾಕ್ ಯಾಕೆ ಅಷ್ಟು ಎತ್ತರ ಅಂತ ಅನ್ನಿಸುತ್ತದೆ ಅಲ್ವಾ? ಅದರಲ್ಲೇ ಇಡೀ ಜಾಣತನ ಇರುವುದು. ಗಣಿ ಇರುವುದು ಎತ್ತರದಲ್ಲಿ, ಸರೋವರ ತಗ್ಗಿನಲ್ಲಿ. ತುಂಬಿದ ರೈಲು ಇಳಿಜಾರಿನಲ್ಲಿ ಬಂದು ನೇರವಾಗಿ ಡಾಕಿನ ತಲೆಯ ಮೇಲೆ ಹತ್ತುತ್ತಿತ್ತು. ಬೋಗಿಗಳ ತಳದ ಬಾಗಿಲು ತೆರೆದರೆ ಅದಿರು ಡಾಕಿನೊಳಗಿನ ದೊಡ್ಡ ಗೂಡುಗಳಿಗೆ ಬೀಳುತ್ತಿತ್ತು. ಕೆಳಗೆ ಹಡಗು ಬಂದು ನಿಂತಾಗ ಗೂಡಿನಿಂದ ಉಕ್ಕಿನ ಜಾರುದೋಣಿಗಳನ್ನು (ಚ್ಯೂಟ್) ಇಳಿಸಿ ಹಡಗಿನ ಹೊಟ್ಟೆಗೆ ಬಿಡುತ್ತಿದ್ದರು. ಎತ್ತುವ ಕೆಲಸವೇ ಇಲ್ಲ, ಗುರುತ್ವಾಕರ್ಷಣೆಯೇ ಎಲ್ಲ ಮಾಡುತ್ತದೆ. ಮೇಲಿನ ಯಾರ್ಡಿನ ರಾಶಿಯಿಂದ ತರಲು ಈಗ ಕನ್ವೇಯರ್ ಬೆಲ್ಟುಗಳೂ ಬಂದಿವೆ. ಆದರೆ ಡಾಕಿನ ಮೈಮೇಲೆ ಸಾಲಾಗಿ ಮಡಚಿ ನಿಲ್ಲಿಸಿದ ಜಾರುದೋಣಿಗಳನ್ನು ಇಂದಿಗೂ ನೋಡಬಹುದು.

ಹಡಗು ಲೋಡ್ ಆಗುತ್ತಿದ್ದರೆ ಮೂರು ವಿಷಯ ಗಮನಿಸಿ. ಮೊದಲನೆಯದು, ಹಡಗಿನ ಪಕ್ಕದ ತೂತುಗಳಿಂದ ಧಾರೆಧಾರೆಯಾಗಿ ನೀರು ಸುರಿಯುತ್ತಿರುತ್ತದೆ. ಹಡಗು ಸೋರುತ್ತಿದೆ ಅಂತ ಅಮ್ಮ ಗಾಬರಿಯಾಗಿದ್ದರು. ಅದು ಬಲಾಸ್ಟ್ ನೀರು. ಖಾಲಿ ಹಡಗು ಹಗುರಾಗಿ ತೇಲಿ ಗಾಳಿಗೆ ಓಲಾಡಬಾರದು ಅಂತ ತುಂಬಿಕೊಂಡು ಬಂದ ನೀರನ್ನು ಅದಿರು ಬೀಳುತ್ತಿದ್ದ ಹಾಗೆ ಹೊರಹಾಕುತ್ತಾರೆ. ಎರಡನೆಯದು, ಒಂದೇ ಕಡೆ ತುಂಬುವುದಿಲ್ಲ. ಇಷ್ಟು ಇಲ್ಲಿ, ಇಷ್ಟು ಅಲ್ಲಿ ಅಂತ ಹಂತಹಂತವಾಗಿ ಹಾಕುತ್ತಾರೆ. ಇಲ್ಲದಿದ್ದರೆ ಅಷ್ಟುದ್ದದ ಹಡಗಿನ ಮೈ ಬಾಗಿಬಿಡುತ್ತದೆ. ಮೂರನೆಯದು, ಮುಂಭಾಗದಲ್ಲಿ ಬರೆದಿರುವ ಅಂಕಿಗಳು. ಬಂದಾಗ ಎಷ್ಟು ಅಂಕಿ ನೀರಿನ ಮೇಲಿತ್ತು ಅಂತ ಫೋಟೊ ತೆಗೆದಿಟ್ಟುಕೊಳ್ಳಿ. ಊಟ ಮುಗಿಸಿ ಬಂದು ನೋಡಿದರೆ ಕೆಲವು ಮುಳುಗಿರುತ್ತವೆ. ಕಣ್ಣೆದುರಿಗೇ ಹಡಗು ಭಾರವಾಗುವುದನ್ನು ನೋಡಿದ ಹಾಗಾಗುತ್ತದೆ.

ಇಲ್ಲಿಗೆ ಬರುವ ಅತಿ ಉದ್ದದ ಹಡಗುಗಳು ಸಾವಿರ ಅಡಿಯವು. ಎಡ್ವಿನ್ ಎಚ್. ಗಾಟ್ 1,004 ಅಡಿ, ಅಂದರೆ 306 ಮೀಟರ್. ಇಷ್ಟು ದೊಡ್ಡವು ಸೂ ಲಾಕ್ಸ್‌ನ ಪೋ ಲಾಕ್ ಒಂದರಲ್ಲೇ ಹಿಡಿಯುತ್ತವೆ. ಸರೋವರಗಳಾಚೆಯ ಸಮುದ್ರಕ್ಕೆ ಅವು ಹೋಗಲಾರವು. ಹುಟ್ಟಿದಾಗಿನಿಂದ ಕೊನೆಯವರೆಗೆ ಸಿಹಿನೀರಿನಲ್ಲೇ ಬದುಕುತ್ತವೆ.

ಅದಿರು ಹೇಗಿದೆ ಅಂತ ನೋಡಬೇಕೆಂದರೆ ಹಳಿಯ ಹತ್ತಿರ ಹೋಗಬೇಕಿಲ್ಲ, ಮ್ಯೂಸಿಯಂನಲ್ಲಿ ಕೇಳಿ. ಬೂದು ಮಿಶ್ರಿತ ಕಂದು ಬಣ್ಣದ, ಕಾಬೂಲ್ ಕಡಲೆಯಷ್ಟಿರುವ ಗುಂಡುಗಳು. ಅಂಗೈಯಲ್ಲಿ ಹಾಕಿಕೊಂಡರೆ ಗಾತ್ರಕ್ಕಿಂತ ಭಾರ ಜಾಸ್ತಿ. ಉಜ್ಜಿದರೆ ಬೆರಳಿಗೆ ತುಕ್ಕಿನ ಬಣ್ಣ ಹತ್ತುತ್ತದೆ. ಮೊದಲ ಸಲ ನೋಡಿದಾಗ ನನಗೆ ಗಂಟಲು ಕಟ್ಟಿತು. ಪಣಂಬೂರಿನಿಂದ ಅಪ್ಪ ತಂದುಕೊಟ್ಟು ನಾವು ಆಡುತ್ತಿದ್ದ ಗುಂಡುಗಳೇ ಇವು.

ಕತೆಯೂ ಅದೇ. ಒಳ್ಳೆಯ ಅದಿರು ಯುದ್ಧಗಳಲ್ಲಿ ಬರಿದಾಗುತ್ತಾ ಬಂತು. ಉಳಿದದ್ದು ಟ್ಯಾಕೊನೈಟ್, ಕಬ್ಬಿಣ ಕಡಿಮೆ ಇರುವ ಗಟ್ಟಿ ಕಲ್ಲು. ಅದನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ಅಯಸ್ಕಾಂತದಿಂದ ಕಬ್ಬಿಣ ಬೇರೆ ಮಾಡಿ, ಉಂಡೆ ಕಟ್ಟಿ ಸುಡುವ ವಿಧಾನವನ್ನು ಮಿನ್ನೆಸೋಟ ವಿಶ್ವವಿದ್ಯಾಲಯದ ಎಡ್ವರ್ಡ್ ಡೇವಿಸ್ ದಶಕಗಟ್ಟಲೆ ಕೂತು ಸಾಧಿಸಿದರು. ಅದು ಆಗದಿದ್ದರೆ ಈ ಡಾಕ್‌ಗಳು ಎಂದೋ ಗುಜರಿಗೆ ಹೋಗಿರುತ್ತಿದ್ದವು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಕಲ್ಲು ಅರೆದರೆ ಕಬ್ಬಿಣಕ್ಕಿಂತ ಕಸ ಜಾಸ್ತಿ. ಇದೇ ದಂಡೆಯಲ್ಲಿ ಮುಂದಿರುವ ಸಿಲ್ವರ್ ಬೇ ಊರಿನಲ್ಲಿ ರಿಸರ್ವ್ ಮೈನಿಂಗ್ ಕಂಪನಿ 1950ರ ದಶಕದಿಂದ ದಿನಕ್ಕೆ ಸುಮಾರು 67,000 ಟನ್ ಅರೆದ ಕಲ್ಲನ್ನು ಸರೋವರಕ್ಕೇ ಸುರಿಯುತ್ತಿತ್ತು. 1973ರಲ್ಲಿ ಡುಲೂತ್ ಜನ ಕುಡಿಯುವ ನೀರಿನಲ್ಲಿ ಆಸ್ಬೆಸ್ಟಾಸ್‌ನಂಥ ನಾರು ಸಿಕ್ಕಿತು. 1974ರಲ್ಲಿ ನ್ಯಾಯಾಧೀಶ ಮೈಲ್ಸ್ ಲಾರ್ಡ್ ಕಾರ್ಖಾನೆ ಮುಚ್ಚಲು ಆದೇಶಿಸಿದರು. ಮೇಲಿನ ಕೋರ್ಟು ಅದನ್ನು ತಡೆದರೂ ಹೋರಾಟ ನಡೆದು 1980ರಲ್ಲಿ ಸುರಿಯುವುದು ನಿಂತಿತು, ಕಸ ನೆಲದ ಮೇಲಿನ ಹೊಂಡಕ್ಕೆ ಹೋಯಿತು. ಕುದುರೆಮುಖದ ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿಕೊಂಡ ಗಣಿಯ ಹೂಳನ್ನು ನೋಡಿ ಬೆಳೆದ ನನಗೆ ಇದನ್ನು ಬಿಟ್ಟು ಡಾಕಿನ ಸೊಬಗು ಮಾತ್ರ ಹೇಳಲು ಮನಸ್ಸಾಗುವುದಿಲ್ಲ. ಎರಡನ್ನೂ ಒಟ್ಟಿಗೆ ನೋಡಿ.

ಎಡ್ನಾ ಜಿ. ಎಂಬ ಟಗ್

ದೊಡ್ಡ ಹಡಗನ್ನು ಡಾಕಿಗೆ ತಂದು ನಿಲ್ಲಿಸಲು ಟಗ್ ಬೇಕಿತ್ತು. 1896ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಕಟ್ಟಿಸಿದ ಎಡ್ನಾ ಜಿ. ಇಲ್ಲಿ 1981ರವರೆಗೆ ದುಡಿಯಿತು. ರೈಲು ಕಂಪನಿಯ ಅಧ್ಯಕ್ಷ ಗ್ರೇಟ್‌ಸಿಂಗರ್ ಮಗಳ ಹೆಸರಿಟ್ಟಿದ್ದರು. ಕಲ್ಲಿದ್ದಲು ಉರಿಸಿ ಹಬೆಯಿಂದ ಓಡುವ ಟಗ್‌ಗಳಲ್ಲಿ ಮಹಾ ಸರೋವರಗಳಲ್ಲಿ ಕೊನೆಯದಾಗಿ ನಿವೃತ್ತಿಯಾದದ್ದು ಇದೇ. ಮೊದಲ ಮಹಾಯುದ್ಧದಲ್ಲಿ ಇದನ್ನು ಅಟ್ಲಾಂಟಿಕ್ ಕರಾವಳಿಯ ನಾರ್ಫೋಕ್‌ಗೂ ಒಯ್ದಿದ್ದರು. ಒಳಗೆ ಬಿಡುತ್ತಾರಾ ಅಂತ ಮ್ಯೂಸಿಯಂನಲ್ಲಿ ಮೊದಲೇ ಕೇಳಿಕೊಳ್ಳಿ. ಹಳೆಯ ಮೈ, ರಿಪೇರಿಯ ಕೆಲಸ ನಡೆಯುತ್ತಿರುತ್ತದೆ.

ಆದರೆ ಈ ಟಗ್ ಮುಂದೆ ನಿಂತಾಗ 1905ರ ನವೆಂಬರ್ ನೆನಪಿಸಿಕೊಳ್ಳಿ. ಆ ತಿಂಗಳ 27, 28ರಂದು ಎದ್ದ ಬಿರುಗಾಳಿ ಈ ಸರೋವರದ ಮೇಲೆ ಹಡಗುಗಳನ್ನು ಕಡ್ಡಿ ಮುರಿದ ಹಾಗೆ ಮುರಿಯಿತು. ಡುಲೂತ್ ಬಂದರಿನ ಬಾಗಿಲಲ್ಲೇ ಮಟಾಫಾ ಎಂಬ ಹಡಗು ಒಡೆದು, ದಡದಲ್ಲಿ ಸಾವಿರಾರು ಜನ ನೋಡುತ್ತಿದ್ದ ಹಾಗೆಯೇ ಒಂಬತ್ತು ಮಂದಿ ಪ್ರಾಣ ಬಿಟ್ಟರು. ಇತ್ತ ಸ್ಪ್ಲಿಟ್ ರಾಕ್ ಹತ್ತಿರ ಮಡೀರಾ ಎಂಬ ಬಾರ್ಜ್ (ಇನ್ನೊಂದು ಹಡಗು ಎಳೆದೊಯ್ಯುವ ಸರಕು ಹಡಗು) ಬಂಡೆಗೆ ಬಡಿಯತೊಡಗಿತು. ಫ್ರೆಡ್ ಬೆನ್ಸನ್ ಎಂಬ ನಾವಿಕ ಹಗ್ಗ ಹಿಡಿದು ಓಲಾಡುವ ಹಡಗಿನಿಂದ ಬಂಡೆಗೆ ಹಾರಿದ. ಕತ್ತಲೆ, ಮೇಲೆ ನೆಟ್ಟಗೆ ನಿಂತ ಬಂಡೆಗೋಡೆ. ಅದನ್ನು ಹತ್ತಿ ಮೇಲಿನಿಂದ ಹಗ್ಗಕ್ಕೆ ಕಲ್ಲು ಕಟ್ಟಿ ಕೆಳಗೆ ಬಿಟ್ಟ. ಆ ಹಗ್ಗ ಹಿಡಿದು ಎಂಟು ಜನ ಮೇಲೆ ಬಂದರು. ಒಬ್ಬರು ಮಾತ್ರ ಹಡಗಿನೊಂದಿಗೆ ಹೋದರು. ಹಿಮದಲ್ಲಿ ಸಿಕ್ಕಿಬಿದ್ದಿದ್ದ ಉಳಿದವರನ್ನು ಬಿರುಗಾಳಿ ಇಳಿದ ಮೇಲೆ ಹೋಗಿ ಕರೆತಂದದ್ದು ಎಡ್ನಾ ಜಿ. ಈ ದುರಂತಗಳ ನಂತರವೇ ಸ್ಪ್ಲಿಟ್ ರಾಕ್ ಲೈಟ್‌ಹೌಸ್ ಕಟ್ಟಿದ್ದು, 1910ರಲ್ಲಿ ಬೆಳಗಿದ್ದು. ನೀವು ಅಲ್ಲಿಗೆ ಹೋಗಿ ಫೋಟೊ ತೆಗೆಯುವ ಮುಂಚೆ ಈ ಟಗ್ ನೋಡಿರಬೇಕು ಅನ್ನುವುದು ಇದಕ್ಕೇ.

ಲೈಟ್‌ಹೌಸ್ ಮತ್ತು ಅಲೆತಡೆ ಗೋಡೆ

ಇಲ್ಲಿಂದ ಕೊಲ್ಲಿ ಸುತ್ತಿಕೊಂಡು ಲೈಟ್‌ಹೌಸಿಗೆ ನಡೆಯಬಹುದು, ಹತ್ತು ಹದಿನೈದು ನಿಮಿಷ. ನಡೆಯಲಾಗದವರನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ, ಅಲ್ಲೇ ಪಾರ್ಕಿಂಗ್ ಇದೆ. ಕೆಂಪು ಇಟ್ಟಿಗೆಯ ಚೌಕ ಗೋಪುರ, 1892ರ ಏಪ್ರಿಲ್ 15ರಂದು ಮೊದಲ ಸಲ ದೀಪ ಹಚ್ಚಿದ್ದು. ಮಿನ್ನೆಸೋಟದಲ್ಲಿ ಈಗಲೂ ಉರಿಯುತ್ತಿರುವ ದೀಪಗಳಲ್ಲಿ ಇದೇ ಹಳೆಯದು. ಕಾವಲುಗಾರರ ಕುಟುಂಬ ಇದ್ದ ಕೋಣೆಗಳಲ್ಲಿ ರಾತ್ರಿ ತಂಗಬಹುದು. ಕೌಂಟಿಯ ಇತಿಹಾಸ ಸಂಘ ಅದನ್ನು ನಡೆಸುತ್ತದೆ, ಆ ಹಣ ಕಟ್ಟಡದ ದುರಸ್ತಿಗೆ ಹೋಗುತ್ತದೆ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಿ.

ಅಂಗಳದಲ್ಲಿ ಒಂದು ಹಡಗಿನ ತಲೆಯಷ್ಟೇ ನೆಲದ ಮೇಲೆ ಕೂತಿದೆ. ಅದು ಫ್ರಂಟೆನಾಕ್ ಹಡಗಿನ ಚಾಲಕರ ಕೋಣೆ. 1979ರ ನವೆಂಬರಿನಲ್ಲಿ ಹಿಮಗಾಳಿಯಲ್ಲಿ ಸಿಲ್ವರ್ ಬೇ ಬಂದರಿಗೆ ನುಗ್ಗುವಾಗ ಬಂಡೆಗೆ ಸಿಕ್ಕಿ ಹಾಳಾದದ್ದು.

ಅಲೆತಡೆ ಗೋಡೆಯ ಮೇಲೆ ತುದಿಯವರೆಗೆ ನಡೆಯಬಹುದು. ಹಡಗು ಹೊರಡುವ ಹೊತ್ತಿಗೆ ಅಲ್ಲಿದ್ದರೆ ಅದು ನಿಮ್ಮ ಪಕ್ಕದಲ್ಲೇ ಹಾದುಹೋಗುತ್ತದೆ. ಎಂಜಿನ್‌ನ ಗುಡುಗು ಕಾಲಿನಡಿಯ ಕಾಂಕ್ರೀಟಿನಲ್ಲಿ ಗೊತ್ತಾಗುತ್ತದೆ. ಒಂದು ಎಚ್ಚರಿಕೆ: ಅಲೆ ಗೋಡೆಯ ಮೇಲೆ ಹಾರುತ್ತಿದ್ದರೆ, ಅಥವಾ ಗೋಡೆಗೆ ಮಂಜುಗಡ್ಡೆ ಕಟ್ಟಿದ್ದರೆ, ಕಾಲಿಡಲೇಬೇಡಿ. ಈಜು ಬಂದರೂ ಈ ನೀರಿನ ತಂಪಿಗೆ ಕೈಕಾಲು ನಿಮಿಷಗಳಲ್ಲಿ ಸೋಲುತ್ತವೆ. ಮಕ್ಕಳ ಕೈ ಬಿಡಬೇಡಿ.

ಇಲ್ಲಿ ನಿಂತು ನಾನು ಮನೆಗೆ ಬಂದವರಿಗೆಲ್ಲ ಹೇಳುವ ಕತೆ 1975ರ ನವೆಂಬರ್ 9ರದ್ದು. ಎಡ್ಮಂಡ್ ಫಿಟ್ಜ್‌ಜೆರಾಲ್ಡ್ ಹಡಗು ಮುಳುಗಿದ್ದು ಅಮೆರಿಕದಲ್ಲಿ ಎಲ್ಲರಿಗೂ ಗೊತ್ತು. ಅದು ಹೊರಟದ್ದು ಡುಲೂತ್ ಪಕ್ಕದ ಸುಪೀರಿಯರ್ ಪಟ್ಟಣದಿಂದ. ಅದೇ ದಿನ ಆರ್ಥರ್ ಎಂ. ಆಂಡರ್ಸನ್ ಎಂಬ ಹಡಗು ಇದೇ ಟೂ ಹಾರ್ಬರ್ಸ್‌ನಿಂದ ಪೆಲೆಟ್ ತುಂಬಿಕೊಂಡು ಹೊರಟಿತು. ಎರಡೂ ಹಡಗುಗಳು ಹಿಂದೆ ಮುಂದೆ ಸಾಗಿದವು. ಮರುದಿನ ಬಿರುಗಾಳಿಯಲ್ಲಿ ಫಿಟ್ಜ್‌ಜೆರಾಲ್ಡ್‌ನ ರೇಡಾರ್ ಕೆಟ್ಟಾಗ ರೇಡಿಯೋದಲ್ಲಿ ದಾರಿ ಹೇಳುತ್ತಿದ್ದದ್ದು ಆಂಡರ್ಸನ್. ಅದರ ಜತೆ ಕೊನೆಯದಾಗಿ ಮಾತಾಡಿದ್ದೂ ಆಂಡರ್ಸನ್. ಸಂಜೆ ಏಳು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ಫಿಟ್ಜ್‌ಜೆರಾಲ್ಡ್ ರೇಡಾರಿನಿಂದ ಮಾಯವಾಯಿತು, 29 ಜನರೊಂದಿಗೆ. ಆಂಡರ್ಸನ್ ಆಮೇಲೆ ಸರೋವರದ ಪೂರ್ವ ತುದಿಯ ವೈಟ್‌ಫಿಶ್ ಕೊಲ್ಲಿಯ ಆಸರೆ ಸೇರಿತು. ಕೋಸ್ಟ್ ಗಾರ್ಡ್ ಕೇಳಿದಾಗ ಕ್ಯಾಪ್ಟನ್ ಕೂಪರ್ ಹಡಗು ತಿರುಗಿಸಿ ಮತ್ತೆ ಅದೇ ಬಿರುಗಾಳಿಗೆ ಹುಡುಕಲು ಹೋದರು. ಯಾರೂ ಸಿಗಲಿಲ್ಲ. ಆದರೂ ಅವರು ಹೋದರು. ಪ್ರತಿ ನವೆಂಬರ್ 10ರಂದು ಸ್ಪ್ಲಿಟ್ ರಾಕ್‌ನಲ್ಲಿ ಆ 29 ಜನರ ಹೆಸರು ಓದಿ ದೀಪ ಹಚ್ಚುತ್ತಾರೆ. ಆ ದಿನ ಬರಲು ಸಾಧ್ಯವಾದರೆ ಬನ್ನಿ.

ಉಳಿದದ್ದು

ಸ್ಕಾಚ್ ಟೇಪ್ ಮಾಡುವ 3ಎಂ ಕಂಪನಿ ಹುಟ್ಟಿದ್ದು ಈ ಊರಿನಲ್ಲಿ. 1902ರಲ್ಲಿ ಜಾನ್ ಡ್ವಾನ್ ಎಂಬ ವಕೀಲರ ಪುಟ್ಟ ಆಫೀಸಿನಲ್ಲಿ ಐದು ಜನ ಸೇರಿ ಸಹಿ ಹಾಕಿದರು. ಸಾಣೆ ಹಿಡಿಯಲು ಬಳಸುವ ಕುರುಂದದ ಕಲ್ಲು ಸಿಕ್ಕಿದೆ ಅಂದುಕೊಂಡಿದ್ದರು. ಸಿಕ್ಕಿದ್ದು ಅನಾರ್ಥೊಸೈಟ್, ಸಾಣೆಗೆ ಬಾರದ ಕಲ್ಲು. ಕಂಪನಿ 1905ರಲ್ಲಿ ಡುಲೂತ್‌ಗೆ, 1910ರಲ್ಲಿ ಸೇಂಟ್ ಪಾಲ್‌ಗೆ ಹೋಯಿತು. ಆಫೀಸು ಈಗ ಮ್ಯೂಸಿಯಂ. ಅರ್ಧ ಗಂಟೆ ಸಾಕು. ನಮ್ಮ ಕಡೆಯ ಬಹಳ ಜನ ಆ ಕಂಪನಿಯಲ್ಲೇ ಕೆಲಸ ಮಾಡುತ್ತಾರೆ, ಅವರಿಗೆ ಖಂಡಿತ ಖುಷಿಯಾಗುತ್ತದೆ.

ರಸ್ತೆ ಬರುವ ಮೊದಲು ಈ ದಂಡೆಯ ಟಪಾಲು ಹೊರುತ್ತಿದ್ದದ್ದು ಓಜಿಬ್ವೆಯ ಜಾನ್ ಬೇರ್‌ಗ್ರೀಸ್. 1879ರಿಂದ 1899ರವರೆಗೆ ಟೂ ಹಾರ್ಬರ್ಸ್‌ನಿಂದ ಗ್ರ್ಯಾಂಡ್ ಮರೇವರೆಗೆ, ಚಳಿಗಾಲದಲ್ಲಿ ನಾಯಿಗಳ ಜಾರುಬಂಡಿಯಲ್ಲಿ, ಬೇಸಿಗೆಯಲ್ಲಿ ಹುಟ್ಟುಹಾಕುವ ದೋಣಿಯಲ್ಲಿ. ಅವರ ಹೆಸರಿನಲ್ಲಿ ಚಳಿಗಾಲದಲ್ಲಿ ಜಾರುಬಂಡಿ ಓಟ ನಡೆಯುತ್ತದೆ. ಹಡಗಿಲ್ಲದ ಕಾಲದಲ್ಲಿ ಬರುವವರು ಅದನ್ನು ನೋಡಿಕೊಂಡು ಬನ್ನಿ.

ಮಕ್ಕಳಿಗೆ ಅಗೇಟ್ ಹುಡುಕುವ ಹುಚ್ಚು ಹಿಡಿಸಿ. ಕಬ್ಬಿಣದಿಂದಲೇ ಕೆಂಪಾದ, ಪಟ್ಟೆಪಟ್ಟೆಯ ಕಲ್ಲು ಅದು. ಬರ್ಲಿಂಗ್‌ಟನ್ ಬೇಯ ದಂಡೆಗೆ ಬೆಳಿಗ್ಗೆ ಅಥವಾ ಸಂಜೆ, ಸೂರ್ಯ ತಗ್ಗಿನಲ್ಲಿರುವಾಗ ಹೋಗಿ. ಸೂರ್ಯನ ಕಡೆ ಮುಖ ಮಾಡಿ ನಿಧಾನವಾಗಿ ನಡೆಯಿರಿ. ಒದ್ದೆ ಕಲ್ಲುಗಳ ನಡುವೆ ಒಳಗಿನಿಂದ ಬೆಳಕು ಬಂದ ಹಾಗೆ ಹೊಳೆಯುವುದನ್ನು ಎತ್ತಿ ನೋಡಿ. ಬೆಳಕಿಗೆ ಹಿಡಿದಾಗ ಅಂಚು ಅರೆಪಾರದರ್ಶಕವಾಗಿದ್ದರೆ ಅಗೇಟ್ ಇರಬಹುದು. ಬರೀ ಕೆಂಪಾಗಿ ಮಂಕಾಗಿದ್ದರೆ ಅಲ್ಲ. ಗೂಸ್‌ಬೆರಿ, ಸ್ಪ್ಲಿಟ್ ರಾಕ್‌ನಂಥ ಸ್ಟೇಟ್ ಪಾರ್ಕುಗಳಿಂದ ಕಲ್ಲು ತರುವಂತಿಲ್ಲ. ಬೇರೆ ಕಡೆಯೂ ಬೋರ್ಡು ಓದಿಯೇ ಕೈ ಹಾಕಿ.

ಊಟದ ವಿಷಯ. ಸಸ್ಯಾಹಾರಿಗಳಿಗೆ ಇಲ್ಲಿ ಆಯ್ಕೆ ಕಡಿಮೆ. ಚಪಾತಿ, ಚಿತ್ರಾನ್ನ, ಮೊಸರು ಕಟ್ಟಿಕೊಂಡು ಬನ್ನಿ, ಲೈಟ್‌ಹೌಸ್ ಹತ್ತಿರ ಕೂತು ತಿನ್ನಬಹುದು. ಮೀನು ತಿನ್ನುವವರು ದಾರಿಯಲ್ಲಿ ನೈಫ್ ರಿವರ್ ಊರಿನಲ್ಲಿ ಹೊಗೆಯಲ್ಲಿ ಬೇಯಿಸಿದ ಟ್ರೌಟ್ ಕಟ್ಟಿಸಿಕೊಳ್ಳಿ. ಊರು ದಾಟಿದ ಮೇಲೆ ಬೆಟ್ಟೀಸ್ ಪೈಸ್ ಅನ್ನುವ ಅಂಗಡಿ ಇದೆ, 1950ರ ದಶಕದಲ್ಲಿ ಮೀನಿನ ಗುಡಿಸಲಿನಿಂದ ಬೆಳೆದದ್ದು. ಮೊಟ್ಟೆ, ಪ್ರಾಣಿ ಕೊಬ್ಬು ಬೇಡದವರು ಕೇಳಿಕೊಂಡು ಪೈ ತೆಗೆದುಕೊಳ್ಳಿ.

ಸಮಯದ ಲೆಕ್ಕ ಹೀಗಿಟ್ಟುಕೊಳ್ಳಿ: ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟರೆ ಹತ್ತಕ್ಕೆಲ್ಲ ಸ್ಟೇಷನ್ ಹತ್ತಿರ ಇರುತ್ತೀರಿ. ಮಧ್ಯಾಹ್ನ ಎರಡರವರೆಗೆ ಊರಿಗೆ ಕೊಡಿ. ಆಮೇಲೆ 21 ಕಿಲೋಮೀಟರ್ ಮುಂದೆ ಗೂಸ್‌ಬೆರಿ, ಅಲ್ಲಿಂದ ಇನ್ನೂ ಸ್ವಲ್ಪ ದೂರ ಸ್ಪ್ಲಿಟ್ ರಾಕ್, ಎರಡೂ ಆಗುತ್ತದೆ. ಹಡಗು ಮಧ್ಯಾಹ್ನ ಬರುವುದಿದ್ದರೆ ಕ್ರಮ ತಿರುಗಿಸಿ, ಜಲಪಾತ ಮೊದಲು ಮುಗಿಸಿಕೊಂಡು ಊರಿಗೆ ವಾಪಸ್ ಬನ್ನಿ. ಹಡಗು ತುಂಬಲು ಹಲವು ಗಂಟೆ ಬೇಕು, ಅಷ್ಟರಲ್ಲಿ ಹೊರಟುಹೋಗುವುದಿಲ್ಲ. ಮ್ಯೂಸಿಯಂಗಳು ಚಳಿಗಾಲದಲ್ಲಿ ಬಾಗಿಲು ಹಾಕುವುದು, ವಾರದಲ್ಲಿ ಕೆಲವು ದಿನ ಮಾತ್ರ ತೆರೆಯುವುದು ಇದೆ, ಹೊರಡುವ ಮುಂಚೆ ಒಂದು ಫೋನ್ ಮಾಡಿ.